ತೂಕದ ಮುಳ್ಳು ನಿಂತಾಗ



ಈ ಸಲದ ಪಾಠದ ವಿಷಯ ನಮ್ಮಲ್ಲಿ ಅನೇಕರಿಗೆ ಹೊಸದೆನಿಸಬಹುದು. ಅತಿ ಸ್ಥೂಲಕಾಯದ ನಿವಾರಣೆಗೆ ಹೊಟ್ಟೆಯ ಶಸ್ತ್ರಕ್ರಿಯೆ ಮಾಡಿಸಿಕೊಂಡವರ ತೂಕವು ಮೊದಲ ವಾರಗಳಲ್ಲಿ ಎಣಿಸಿದಷ್ಟು ಇಳಿಯದಿದ್ದರೆ ಏನು ತಿಳಿಯಬೇಕು, ಏನು ಮಾಡಬೇಕು ಎಂಬುದೇ ಅದು. ನಾನು ವೈದ್ಯನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಆದರೆ ಈ ಸಂಗತಿ ನಮ್ಮ ಮನೆಯಲ್ಲಿಯೇ ನಡೆದುದರಿಂದ, ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನು ನಾಲ್ವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಶಸ್ತ್ರಕ್ರಿಯೆ ಎಂದರೇನು?

ಇದಕ್ಕೆ ಬೇರಿಯಾಟ್ರಿಕ್ ಶಸ್ತ್ರಕ್ರಿಯೆ ಎನ್ನುತ್ತಾರೆ. ಮುಖ್ಯವಾಗಿ ಎರಡು ಬಗೆ. ‘ಸ್ಲೀವ್’ ಎಂಬುದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದುಹಾಕಿ, ಉಳಿದುದನ್ನು ಸಣ್ಣ ಕೊಳವೆಯಂತೆ ಮಾಡುತ್ತಾರೆ. ‘ಬೈಪಾಸ್’ನಲ್ಲಿ ಜಠರದ ಮೇಲ್ಭಾಗದಲ್ಲಿ ಚಿಕ್ಕದೊಂದು ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಈ ಎರಡನೆಯ ದಾರಿಯನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಎಂಬ ವೈದ್ಯರು 1960ರ ದಶಕದಲ್ಲಿ ತೋರಿಸಿಕೊಟ್ಟರು. ಊಟದ ಪ್ರಮಾಣ ಕಡಿಮೆಯಾಗುವದಲ್ಲದೆ, ಹಸಿವನ್ನು ಹುಟ್ಟಿಸುವ ರಸಗಳಲ್ಲಿಯೂ ಬದಲಾವಣೆಯಾಗುತ್ತದೆ.

ಮನೆಯ ಮಾತು

ನನ್ನ ಅಣ್ಣ ಇಲ್ಲಿಯ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತುಕೊಳ್ಳುವವನು. ಎತ್ತರ 165 ಸೆಂಟಿಮೀಟರು, ತೂಕ 118 ಕಿಲೊ, ಜೊತೆಗೆ ಸಕ್ಕರೆ ಕಾಯಿಲೆ. ಪತಪೇಢಿಯಲ್ಲಿ ಸಾಲ ಮಾಡಿ, ಅತ್ತಿಗೆಯ ಬಳೆಗಳನ್ನು ಅಡವಿಟ್ಟು ಸ್ಲೀವ್ ಶಸ್ತ್ರಕ್ರಿಯೆ ಮಾಡಿಸಿದೆವು. ಮೊದಲೇ ಎರಡು ವಾರ ದ್ರವಾಹಾರದಲ್ಲಿದ್ದುದರಿಂದ ಆಸ್ಪತ್ರೆ ಸೇರುವಾಗ 114 ಕಿಲೊ ಇದ್ದ. ಮನೆಗೆ ಬಂದ ದಿನ ತೂಗಿದರೆ 115! ಎರಡು ವಾರ ತುಂಬುವ ಹೊತ್ತಿಗೆ 109ಕ್ಕೆ ಇಳಿಯಿತು. ಮನೆಯವರೆಲ್ಲರಿಗೂ ಸಂತೋಷ. ಆಮೇಲೆ ಹತ್ತು ದಿನ ಮುಳ್ಳು 109ರಿಂದ ಅತ್ತಿತ್ತ ಸರಿಯಲಿಲ್ಲ.

ಊರಿನಿಂದ ಅವ್ವ ಫೋನಿನಲ್ಲಿ ದಿನಾಲು ಎಷ್ಟು ಇಳಿಯಿತೆಂದು ಕೇಳುವಳು. ಯಾರೋ ಪರಿಚಯದವರು ಮೊದಲ ತಿಂಗಳಲ್ಲಿಯೇ 14 ಕಿಲೊ ಇಳಿದರೆಂದು ನೆರೆಯವರು ಹೇಳಿದರು. ಅಣ್ಣ ಬೆಳಿಗ್ಗೆ, ಸಂಜೆ, ರಾತ್ರಿ ಯಂತ್ರದ ಮೇಲೆ ನಿಲ್ಲತೊಡಗಿದ. “ನಿನ್ನ ಬಳೆ ನೀರಿಗೆ ಹಾಕಿದ ಹಾಗಾಯ್ತು” ಎಂದು ಅತ್ತಿಗೆಯ ಮುಂದೆ ಕಣ್ಣೀರು ತಂದ. ಮರುದಿನದಿಂದ ಬೇಳೆಕಟ್ಟು, ಪ್ರೋಟೀನು ಪುಡಿ, ಮಾತ್ರೆ ಎಲ್ಲವನ್ನೂ ಬಿಟ್ಟು, ಬರಿಯ ಲಿಂಬೆಯ ಬಿಸಿನೀರಿನ ಮೇಲೆ ಉಳಿದ. ಎರಡನೆಯ ದಿನ ಬಚ್ಚಲಮನೆಯ ಬಾಗಿಲಲ್ಲಿ ತಲೆತಿರುಗಿ ಬಿದ್ದ. ಆಗ ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಆಹಾರತಜ್ಞೆಯವರು ಬೈಯಲಿಲ್ಲ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದರು. ಲೆಕ್ಕವಾದ್ದರಿಂದ ನನಗೂ ತಿಳಿಯಿತು.

ಮುಳ್ಳು ಏಕೆ ನಿಲ್ಲುತ್ತದೆ?

ಯಂತ್ರವು ಕೊಬ್ಬನ್ನು ಮಾತ್ರ ತೂಗುವದಿಲ್ಲ. ನೀರು, ಮಾಂಸ, ಎಲುಬು, ಮಲ ಎಲ್ಲವನ್ನೂ ಕೂಡಿಸಿ ತೂಗುತ್ತದೆ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಟ್ಟ ದ್ರವದಿಂದ ಮನೆಗೆ ಬರುವಾಗ ತೂಕ ಹೆಚ್ಚಾಗಿರುವದುಂಟು.

ನಮ್ಮ ಪಿತ್ತಜನಕಾಂಗದಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಸುಮಾರು ಅರ್ಧ ಕಿಲೊದಷ್ಟು ಇರುತ್ತದೆ. ಅದರ ಪ್ರತಿ ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆಯಾದ ಕೂಡಲೆ ದೇಹವು ಮೊದಲು ಈ ದಾಸ್ತಾನನ್ನೇ ಖರ್ಚು ಮಾಡುತ್ತದೆ, ನೀರೂ ಹೊರಟುಹೋಗುತ್ತದೆ. ಆದುದರಿಂದ ಮೊದಲಿನ ಇಳಿತದಲ್ಲಿ ನೀರಿನ ಪಾಲು ದೊಡ್ಡದು. ಎರಡು ಮೂರು ವಾರಗಳ ನಂತರ ದೇಹವು ಈ ದಾಸ್ತಾನನ್ನೂ ನೀರನ್ನೂ ಸ್ವಲ್ಪಮಟ್ಟಿಗೆ ಮರಳಿ ತುಂಬಿಕೊಳ್ಳುತ್ತದೆ. ಗಾಯ ಮಾಯುವಾಗಲೂ ನೀರು ನಿಲ್ಲುತ್ತದೆ. ಮಲಬದ್ಧತೆ, ಹೆಂಗಸರಲ್ಲಿ ತಿಂಗಳ ಸರದಿ ಇವೂ ಕಾರಣಗಳೇ. ಇದೇ ಕಾಲದಲ್ಲಿ ಕೊಬ್ಬು ಕರಗುತ್ತಲೇ ಇರುತ್ತದೆ.

ಒಂದು ಕಿಲೊ ಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. ಒಬ್ಬನ ದೇಹ ದಿನಕ್ಕೆ 2,300 ಕ್ಯಾಲೊರಿ ಖರ್ಚು ಮಾಡುತ್ತದೆ, ಅವನು ಸೇವಿಸುವದು 700 ಎಂದುಕೊಳ್ಳಿರಿ. ದಿನದ ಕೊರತೆ 1,600. ಹತ್ತು ದಿನಕ್ಕೆ 16,000. ಅಂದರೆ ಸ್ಥೂಲವಾಗಿ ಎರಡು ಕಿಲೊ ಕೊಬ್ಬು. ಅದೇ ಹತ್ತು ದಿನದಲ್ಲಿ ಎರಡು ಕಿಲೊದಷ್ಟು ನೀರು ಜಮೆಯಾದರೆ ಯಂತ್ರದ ಶಿಲ್ಕು ಬದಲಾಗುವದಿಲ್ಲ. ಶಿಲ್ಕು ಬದಲಾಗಲಿಲ್ಲವೆಂದು ಅಂಗಡಿಯಲ್ಲಿ ವ್ಯಾಪಾರವೇ ನಡೆಯಲಿಲ್ಲವೆಂದು ಯಾವ ಗುಮಾಸ್ತನೂ ಹೇಳುವದಿಲ್ಲವಷ್ಟೆ!

ಇನ್ನೊಬ್ಬರ ತೂಕಕ್ಕೆ ಹೋಲಿಸುವದೂ ಸರಿಯಲ್ಲ. 160 ಕಿಲೊ ಇದ್ದವರಿಗೆ ಕಿಲೊಗಳು ಬೇಗ ಇಳಿಯುತ್ತವೆ. ವಯಸ್ಸು, ಶಸ್ತ್ರಕ್ರಿಯೆಯ ಬಗೆ, ಮೊದಲೇ ಇಳಿಸಿಕೊಂಡ ತೂಕ ಇವುಗಳಿಂದಲೂ ವ್ಯತ್ಯಾಸವಾಗುತ್ತದೆ. ಇಳಿತವು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದವರೆಗೆ ನಡೆಯುವಂಥದು. ಮೂರನೆಯ ವಾರವು ಮೊದಲ ಪುಟ ಮಾತ್ರ.

ಏನು ಮಾಡತಕ್ಕದ್ದು?

1. ವಾರಕ್ಕೊಮ್ಮೆ ಒಂದೇ ದಿನ, ಬೆಳಿಗ್ಗೆ ಶೌಚವಾದ ಮೇಲೆ ತೂಗಿರಿ. ಉಳಿದ ದಿನ ಯಂತ್ರವನ್ನು ಮಂಚದ ಕೆಳಗಿಡಿರಿ.

2. ಆಹಾರವನ್ನು ಆಸ್ಪತ್ರೆಯವರು ಹೇಳಿದ ಕ್ರಮದಲ್ಲಿಯೇ ಮುಂದುವರಿಸಿರಿ: ಮೊದಲು ತಿಳಿ ದ್ರವ, ಅನಂತರ ಹಾಲು-ಮಜ್ಜಿಗೆಯಂಥವು, ಆಮೇಲೆ ನುಣ್ಣಗೆ ಅರೆದುದು, ಮೆತ್ತಗಿನದು, ಕೊನೆಗೆ ಗಟ್ಟಿ ಊಟ. ಅವಸರದಿಂದ ಮುಂದೆ ಹಾರಬಾರದು. ಹೆದರಿ ಉಪವಾಸವನ್ನೂ ಮಾಡಬಾರದು.

3. ಪ್ರೋಟೀನು ದಿನಕ್ಕೆ ಸಾಮಾನ್ಯವಾಗಿ 60ರಿಂದ 80 ಗ್ರಾಂ ಬೇಕೆನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಅಷ್ಟೇ. ಮೊದಲ ವಾರಗಳಲ್ಲಿ ಊಟದಿಂದಲೇ ಇದು ತುಂಬುವದು ಕಷ್ಟವಾದ್ದರಿಂದ ಪುಡಿಯನ್ನು ಕೊಟ್ಟಿರುತ್ತಾರೆ. ಪ್ರೋಟೀನು ಸಾಲದಿದ್ದರೆ ದೇಹವು ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಹೆಚ್ಚಾಗಿ ಕರಗಿಸುತ್ತದೆ.

4. ನೀರು ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಾಗದಂತೆ ಗುಟುಕು ಗುಟುಕಾಗಿ ಕುಡಿಯಿರಿ. ಊಟದ ಜೊತೆಗೆ ಬೇಡ; ಊಟವಾದ ಅರ್ಧ ಗಂಟೆಯ ಮೇಲೆ ಕುಡಿಯಬಹುದು. ಹೋಟೆಲಿನ ಸಿಹಿ ಚಹ, ಕಬ್ಬಿನಹಾಲು, ಶರಬತ್ತು ದ್ರವವೆಂದು ಮೋಸಹೋಗಬೇಡಿರಿ. ಇವು ಸುಲಭವಾಗಿ ಒಳಗಿಳಿದು ಕ್ಯಾಲೊರಿ ತುಂಬುತ್ತವೆ.

5. ಜೀವಸತ್ತ್ವ, ಕಬ್ಬಿಣ, ಸುಣ್ಣದ ಮಾತ್ರೆಗಳನ್ನು ತೂಕ ಇಳಿಯಲಿ ಬಿಡಲಿ ತಪ್ಪಿಸಬಾರದು. ಜೀವಸತ್ತ್ವಗಳು ಜೀವಮಾನವೆಲ್ಲ ಬೇಕಾಗುವಂಥವು.

6. ವೈದ್ಯರು ಒಪ್ಪಿದಷ್ಟು ನಡೆಯಿರಿ. ಭಾರ ಎತ್ತುವ ಕೆಲಸದವರು ಅಪ್ಪಣೆಯಿಲ್ಲದೆ ಪಾಳಿಗೆ ಮರಳಬಾರದು.

ಯಾವಾಗ ಕಾಯಬಾರದು?

ಒಂದೆರಡು ವಾರ ತೂಕ ನಿಂತರೆ ಗಾಬರಿ ಬೇಡ. ನಾಲ್ಕು ವಾರವಾದರೂ ನಿಂತೇ ಇದ್ದರೆ ಆಹಾರದ ಪಟ್ಟಿಯೊಡನೆ ಆಹಾರತಜ್ಞರನ್ನು ಕಾಣಿರಿ. ಆದರೆ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಎದೆಬಡಿತದ ವೇಗ, ಉಸಿರಿನ ತೊಂದರೆ, ಒಂದೇ ಕಾಲಿನ ಬಾವು, ನಿಲ್ಲದ ವಾಂತಿ, ನೀರೂ ಇಳಿಯದಿರುವದು ಇವುಗಳಲ್ಲಿ ಒಂದು ಕಂಡರೂ ಅದೇ ಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಔಷಧ ತೆಗೆದುಕೊಳ್ಳುವವರಿಗೆ ಅದರ ಪ್ರಮಾಣ ಬೇಗ ಬದಲಾಗಬೇಕಾಗುತ್ತದೆ. ಅದನ್ನು ವೈದ್ಯರೇ ಮಾಡಬೇಕು.

ಅಭ್ಯಾಸ

ಆ ದಿನ ಆಹಾರತಜ್ಞೆಯವರು ಅಣ್ಣನಿಗೆ ಕೊಟ್ಟ ಕೆಲಸ ಇದು. ನಾನೇ ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದುಕೊಟ್ಟೆ. ಐದು ಕಲಮುಗಳು: ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ, ಪ್ರೋಟೀನು ಮತ್ತು ನೀರು, ಆಯಾಸವಿಲ್ಲದೆ ಮಾಡಿದ ಕೆಲಸ. ಅಂದೇ ಕುಳಿತು ಹಿಂದಿನ ಹತ್ತು ದಿನಗಳದನ್ನು ನೆನಪಿನಿಂದ ತುಂಬಿದೆವು. ತೂಕದ ಕಲಮಿನಲ್ಲಿ ಬರಿಯ 109. ಆದರೆ ಸೊಂಟದ ಪಟ್ಟಿ ಎರಡು ತೂತು ಒಳಗೆ ಬಂದಿತ್ತು, ಸಕ್ಕರೆಯ ಮಾತ್ರೆಯನ್ನು ವೈದ್ಯರು ಅರ್ಧಕ್ಕೆ ಇಳಿಸಿದ್ದರು, ಮೂರನೆಯ ಮಾಳಿಗೆಯ ನಮ್ಮ ಖೋಲಿಗೆ ಅವನು ನಡುವೆ ನಿಲ್ಲದೆ ಹತ್ತಿ ಬಂದಿದ್ದ. ಅದನ್ನು ನಾವು ಯಾರೂ ಗಮನಿಸಿರಲಿಲ್ಲ.

ಐದನೆಯ ವಾರದಲ್ಲಿ ಮುಳ್ಳು 107ಕ್ಕೆ ಬಂದಿತು. ವರ್ಷ ತುಂಬಿದಾಗ 85. ನಡುವೆ ಇನ್ನೂ ಮೂರು ಸಲ ನಿಂತಿತ್ತು. ಆಗ ಯಾರೂ ಅಳಲಿಲ್ಲ. ಅತ್ತಿಗೆಯ ಬಳೆಗಳು ಇನ್ನೂ ಬಿಡಿಸಬೇಕಾಗಿವೆ, ಸಾಲದ ಕಂತು ನಡೆದಿದೆ. ನಿಮ್ಮ ಮನೆಯಲ್ಲಿಯಾಗಲಿ ಖೋಲಿಯಲ್ಲಿಯಾಗಲಿ ಇಂಥ ಶಸ್ತ್ರಕ್ರಿಯೆಯಾದವರಿದ್ದರೆ ಎಷ್ಟು ಇಳಿಯಿತೆಂದು ದಿನಾಲು ಕೇಳಬೇಡಿರಿ. ಇಂದು ನೀರು ಕುಡಿದಿರಾ, ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿರಿ.