ಅಂಬಾಸಿಡರ್‌ಗೆ ರಬ್ಬರ್ ಬುಷ್ಶೇ ಇರಲಿ

ನಿಮ್ಮ ತಂದೆಯವರ 1978ರ ಅಂಬಾಸಿಡರ್ ಹೊಸಪೇಟೆ–ಸಂಡೂರು ದಾರಿಯಲ್ಲಿ ಗುಂಡಿ ಇಳಿದಾಗಲೆಲ್ಲ ಹಿಂದಿನಿಂದ ‘ಟಕ್’ ಅನ್ನುತ್ತದೆ ಎಂದು ಬರೆದಿದ್ದೀರಿ. ಮೊದಲು ಕಮಾನು ಪಟ್ಟಿಯ ಎರಡೂ ತುದಿಯ ಬುಷ್ ನೋಡಿಸಿ. ಹಾರೆಯಿಂದ ಮೆಲ್ಲಗೆ ಮೀಟಿದಾಗ ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ರಬ್ಬರ್ ಸವೆದಿದೆ ಎಂದೇ ಅರ್ಥ.

ಪಾಲಿಯುರೆಥೇನ್ ಹಾಕಿಸಲೇ ಎಂದು ಕೇಳಿದ್ದೀರಿ. ಬೇಡ. ಬಾಳಿಕೆ ಬರುತ್ತದೆ ನಿಜ, ಆದರೆ ಗಡುಸು. ಗುಂಡಿಯ ಪೆಟ್ಟು ಬಾಡಿಗೆ ಹೆಚ್ಚು ದಾಟುತ್ತದೆ. ಅದಿರು ಲಾರಿಗಳು ಎಬ್ಬಿಸುವ ಕೆಂಧೂಳು ಸೇರಿ ಗ್ರೀಸ್ ಒಣಗಿತೋ, ಕಿರುಗುಟ್ಟಲು ಶುರು. ಕಂಪ್ಲಿಯವರೆಗೆ ನಿಧಾನವಾಗಿ ಹೋಗಿಬರುವ ಮನೆ ಕಾರಿಗೆ ರಬ್ಬರೇ ಸರಿ.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಮಾಲೂ ಕೈಗೆ ಬರಬಹುದು. ಉಗುರು ಒತ್ತಿ ನೋಡಿ: ಗುರುತು ಮೂಡಿ ಮಾಯವಾಗಬೇಕು. ಬಗ್ಗಿಸಿದಾಗ ಕೂದಲೆಳೆಯ ಬಿರುಕು ಕಂಡರೂ ವಾಪಸ್ ಕೊಡಿ. ಎಡ–ಬಲ ಜೋಡಿಯಾಗಿಯೇ ಬದಲಿಸಿ.

ಕೂರಿಸುವಾಗ ಸೋಪಿನ ನೀರು ಸಾಕು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಇದೊಂದನ್ನು ಮಾತ್ರ ಮೆಕ್ಯಾನಿಕ್ ಪಕ್ಕದಲ್ಲೇ ನಿಂತು ಮಾಡಿಸಿ: ಕಾರು ಜಾಕಿನ ಮೇಲಿರುವಾಗ ನಟ್ ಪೂರ್ತಿ ಬಿಗಿಯಬಾರದು. ನಾಲ್ಕೂ ಚಕ್ರ ನೆಲಕ್ಕಿಳಿದು ಭಾರ ಬಿದ್ದ ಮೇಲೆ ಬಿಗಿಯಲಿ. ಇಲ್ಲದಿದ್ದರೆ ಹೊಸ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.