ಸುದ್ದಿ ಬಂತು, ಕಾನೂನು ಬಂದಿಲ್ಲ

2024ರ ಜುಲೈನಲ್ಲಿ ಕರ್ನಾಟಕ ಸಚಿವ ಸಂಪುಟವು ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಉದ್ಯಮಿಗಳಿಂದ ವಿರೋಧ ಬಂದದ್ದೇ ತಡ, ಜುಲೈ 17ರಂದು ಸರ್ಕಾರವೇ ಅದನ್ನು ತಡೆಹಿಡಿಯಿತು. ಆ ನಡುವಿನ ದಿನಗಳ ಟಿವಿ ಸುದ್ದಿ ನಂಬಿ ಒಬ್ಬ ಹೋಟೆಲ್ ಮಾಲೀಕ ಹೊರರಾಜ್ಯದ ಅಡುಗೆಯವರನ್ನು ಮನೆಗೆ ಕಳಿಸಿದ್ದರೆ? ಮಸೂದೆ ಅವನನ್ನು ಕಾಯುತ್ತಿರಲಿಲ್ಲ. ಬದಲಿಗೆ ಜಾರಿಯಲ್ಲಿದ್ದ ಕಾನೂನು ಅವನನ್ನು ಹಿಡಿಯುತ್ತಿತ್ತು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಆರು ತಿಂಗಳು ಸತತವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ, ತೆಗೆಯುವಂತಿಲ್ಲ. ಹರಿಯಾಣದ ಕಥೆ ಇನ್ನೂ ಒಂದು ಹೆಜ್ಜೆ ಮುಂದಿನದು. ಅಲ್ಲಿ ಶೇ 75ರ ಮೀಸಲಾತಿ ಕಾಯ್ದೆಯೇ ಆಗಿ ಜಾರಿಗೆ ಬಂದಿತ್ತು. 2023ರ ನವೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು ರದ್ದುಮಾಡಿತು.

ಆದ್ದರಿಂದ ಸುದ್ದಿ ಕೇಳಿದೊಡನೆ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾವ ಕಾಗದ? ಮಂತ್ರಿಗಳ ಹೇಳಿಕೆಯೇ, ಮಸೂದೆಯೇ, ಕರಡು ಅಧಿಸೂಚನೆಯೇ, ಸರ್ಕಾರಿ ಆದೇಶವೇ? ಮಸೂದೆಯು ಎರಡೂ ಸದನ ದಾಟಿ, ಅಂಕಿತ ಬಿದ್ದು, ಜಾರಿಯ ದಿನಾಂಕ ಬಂದ ಮೇಲಷ್ಟೇ ಕಾನೂನು. ಕರಡು ಅಧಿಸೂಚನೆ ರಾಜ್ಯಪತ್ರದಲ್ಲಿ ಪ್ರಕಟವಾಗಿದ್ದರೂ ಅಂತಿಮ ಅಧಿಸೂಚನೆ ಬರುವ ತನಕ ಯಾರನ್ನೂ ಕಟ್ಟಿಹಾಕುವುದಿಲ್ಲ.

ಕೆಲಸದ ಅವಧಿಯ ವಿಚಾರದಲ್ಲಿ ಈ ಗೊಂದಲ ಹೆಚ್ಚು. 1961ರ ಕಾಯ್ದೆಯಲ್ಲಿ ದಿನಕ್ಕೆ 9, ವಾರಕ್ಕೆ 48 ಗಂಟೆ ಮಿತಿ. ಓವರ್‌ಟೈಮ್ ಸೇರಿ ದಿನಕ್ಕೆ 10 ಗಂಟೆ ಮೀರಬಾರದು, ಮೂರು ತಿಂಗಳಲ್ಲಿ ಒಟ್ಟು ಓವರ್‌ಟೈಮ್ 50 ಗಂಟೆ ದಾಟಬಾರದು, ಅದಕ್ಕೆ ಎರಡರಷ್ಟು ಕೂಲಿ ಕೊಡಬೇಕು. 2025ರ ಜೂನ್‌ನಲ್ಲಿ ಇದನ್ನು ದಿನಕ್ಕೆ 10, ಓವರ್‌ಟೈಮ್ ಸೇರಿ 12, ಮೂರು ತಿಂಗಳಿಗೆ 144 ಗಂಟೆಗೆ ಏರಿಸುವ ಪ್ರಸ್ತಾಪ ಚರ್ಚೆಗೆ ಬಂತು. ಐಟಿ ನೌಕರರ ಸಂಘ ಬೀದಿಗಿಳಿಯಿತು. ‘ಹೇಗೂ ಬರುತ್ತಲ್ಲ’ ಎಂದು ಹನ್ನೆರಡು ಗಂಟೆಯ ಪಾಳಿ ಬರೆದಿಟ್ಟ ಮಾಲೀಕ, ಪ್ರಸ್ತಾಪವನ್ನೇ ಕಾನೂನೆಂದು ತಿಳಿದು ಜಾರಿಯಲ್ಲಿರುವ ಕಾನೂನನ್ನು ಮುರಿದಂತೆ. ಹಾಜರಿ ಪುಸ್ತಕದಲ್ಲಿ ಅವನದೇ ಕೈಬರಹ ಅವನ ವಿರುದ್ಧ ಸಾಕ್ಷಿ.

ಸರ್ಕಾರಿ ಆದೇಶದ ಮಾತು ಬೇರೆ, ಅದು ಹೊರಟ ದಿನದಿಂದಲೇ ಕೆಲಸ ಮಾಡಬಹುದು. 2025ರ ನವೆಂಬರ್‌ನ ಋತುಚಕ್ರ ರಜೆಯ ಆದೇಶವನ್ನೇ ನೋಡಿ. ತಿಂಗಳಿಗೊಂದರಂತೆ ವರ್ಷಕ್ಕೆ 12 ವೇತನಸಹಿತ ರಜೆ, ವೈದ್ಯರ ಚೀಟಿ ಬೇಡ. ಶಾಸನದ ಬೆಂಬಲವಿಲ್ಲದೆ ಬರೀ ಆದೇಶದಿಂದ ಇಂಥ ಹೊಣೆ ಹೊರಿಸಬಹುದೇ ಎಂದು ಬೆಂಗಳೂರು ಹೋಟೆಲುಗಳ ಸಂಘ ಹೈಕೋರ್ಟ್‌ಗೆ ಹೋಯಿತು. ಡಿಸೆಂಬರ್ 9ರಂದು ಕೋರ್ಟ್ ತಡೆಯಾಜ್ಞೆ ಕೊಟ್ಟು, ಅಂದೇ ಅದನ್ನು ಹಿಂಪಡೆಯಿತು. ಬೆಳಿಗ್ಗೆಯ ಸುದ್ದಿ ನೋಡಿ ‘ರಜೆ ರದ್ದು’ ಎಂದು ಬೋರ್ಡ್ ಬರೆದವರು ಸಂಜೆಗೆ ಅಳಿಸಬೇಕಿತ್ತು. ರಜೆಯ ಬಗ್ಗೆ ನನ್ನ ಮನಸ್ಸು ಹೆಣ್ಣುಮಕ್ಕಳ ಕಡೆಗೇ ಇದೆ. ಆದರೂ ಆದೇಶದ ಮೂಲಾಧಾರವನ್ನು ಪ್ರಶ್ನಿಸುವ ಹಕ್ಕು ಹೋಟೆಲಿನವರಿಗೆ ಇದೆ. ಸಂವಿಧಾನದ 226ನೇ ವಿಧಿಯ ದಾರಿ ಅದಕ್ಕೆಂದೇ ಇರುವುದು. ತಡೆಯಾಜ್ಞೆ ಇಲ್ಲದಿರುವಷ್ಟು ಕಾಲ ಆದೇಶ ಪಾಲಿಸಬೇಕು, ಅಷ್ಟೇ.

ಕರಡಿನ ಹಂತದಲ್ಲಿ ಕೋರ್ಟಿಗಿಂತ ಅಗ್ಗದ ದಾರಿಯಿದೆ: ಆಕ್ಷೇಪಣೆ. ಪೂರ್ವಪ್ರಕಟಣೆ ಕಡ್ಡಾಯವಿರುವ ನಿಯಮಗಳ ಕರಡನ್ನು ಸರ್ಕಾರ ರಾಜ್ಯಪತ್ರದಲ್ಲಿ ಹಾಕಿ, ಇಂಥ ದಿನಾಂಕದ ಬಳಿಕ ಪರಿಗಣಿಸುತ್ತೇವೆ ಎಂದು ತಿಳಿಸಬೇಕು. ಅದರೊಳಗೆ ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ಮಾಲೀಕ ಮಾತ್ರವಲ್ಲ, ಮಾಣಿಯೂ ಬರೆಯಬಹುದು. ವಕೀಲರು ಬೇಕಿಲ್ಲ, ಬಿಳಿಹಾಳೆ ಸಾಕು. ಮೇಲೆ ಅಧಿಸೂಚನೆಯ ಸಂಖ್ಯೆ, ದಿನಾಂಕ. ಕೆಳಗೆ ಯಾವ ನಿಯಮಕ್ಕೆ ಆಕ್ಷೇಪ, ನಿಮ್ಮ ಅಂಗಡಿಯಲ್ಲಿ ಎಷ್ಟು ಜನ, ಪಾಳಿ ಹೇಗೆ, ಖರ್ಚು ಎಷ್ಟು ಏರುತ್ತದೆ, ಬದಲಿಗೆ ಯಾವ ಪದವಿದ್ದರೆ ಒಪ್ಪುತ್ತೀರಿ. ‘ಇದು ಅನ್ಯಾಯ’ ಎಂಬ ನೂರು ಪತ್ರಗಳನ್ನು ಒಂದೇ ಟಿಪ್ಪಣಿಯಲ್ಲಿ ಮುಗಿಸುವ ಗುಮಾಸ್ತರಿಗೆ, ಲೆಕ್ಕವಿರುವ ಪತ್ರಕ್ಕೆ ಬೇರೆ ಉತ್ತರ ಬರೆಯಬೇಕಾಗುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮಸೂದೆಯಾದರೆ ಶಾಸಕರ ಬಾಗಿಲೇ ಸರಿ.

ಹೊಸ ಪ್ರಸ್ತಾಪಗಳ ಗದ್ದಲದಲ್ಲಿ ಹಳೆಯ ಹೊಣೆಗಳು ಮರೆತುಹೋಗುವುದೂ ಉಂಟು. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ 2013ರ ಕಾಯ್ದೆಯಿಂದಲೇ ಕಡ್ಡಾಯ. ರಚಿಸದಿದ್ದರೆ ₹50,000ದವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಇದ್ದರೆ ಕಾಯ್ದೆಯೇ ಅನ್ವಯಿಸದು ಎಂಬ ನಂಬಿಕೆ ತಪ್ಪು. ಅಲ್ಲಿನ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ, ಘಟನೆಯ ಮೂರು ತಿಂಗಳೊಳಗೆ.

ಪ್ರಸ್ತಾಪ ಯಾವ ಹಂತದಲ್ಲಿದೆ ಎಂದು ಯಾರೂ ಹೇಳದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಜನರನ್ನು ತಟ್ಟುವ ಮುಖ್ಯ ನೀತಿ ರೂಪಿಸುವಾಗ ಸಂಬಂಧಿಸಿದ ಸಂಗತಿಗಳನ್ನು ತಾನಾಗಿಯೇ ಪ್ರಕಟಿಸುವುದು ಅದರ 4ನೇ ಕಲಮಿನ ಪ್ರಕಾರ ಇಲಾಖೆಯ ಹೊಣೆ. ಪ್ರಕಟಿಸದಿದ್ದರೆ ₹10 ಶುಲ್ಕದೊಂದಿಗೆ ಕಾರ್ಮಿಕ ಇಲಾಖೆಯ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಕರಡಿನ ಪ್ರತಿ, ಬಂದ ಆಕ್ಷೇಪಣೆಗಳ ಮೇಲಿನ ಟಿಪ್ಪಣಿ ಹಾಳೆ ಎಂದಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.