ಬೇಸ್ ಗಿಟಾರ್: ಕೈ ಪಳಗಲಿ, ದನಿ ನಿಮ್ಮದಾಗಲಿ

ಮಣಿಪಾಲ, ನಿಟ್ಟೆ, ಬಂಟಕಲ್ಲು, ಯಾವ ಕಡೆಯ ಕಾಲೇಜು ಫೆಸ್ಟ್ ನೋಡಿದರೂ ಬ್ಯಾಂಡ್ ಕಟ್ಟುವ ಕಥೆ ಹೆಚ್ಚುಕಡಿಮೆ ಒಂದೇ. ಗಿಟಾರ್ ಬರುವವರು ಮೂರು ಜನ ಇರ್ತಾರೆ, ಬೇಸ್‌ಗೆ ಯಾರೂ ಇರೋದಿಲ್ಲ. "ನಾಲ್ಕೇ ತಂತಿ ಅಲ್ವಾ ಮಾರಾಯ, ನೀನೇ ಹಿಡಿ" ಅಂತ ಒಬ್ಬನ ಕೈಗೆ ಕೊಡ್ತಾರೆ. ಎರಡು ವಾರದಲ್ಲಿ ಪ್ರೋಗ್ರಾಂ. ಅವನು ಗಟ್ಟಿ ಒತ್ತಿ, ಗಟ್ಟಿ ಮೀಟಿ, ಮಣಿಕಟ್ಟು ನೋಯಿಸಿಕೊಂಡು ಸ್ಟೇಜ್ ಹತ್ತುತ್ತಾನೆ. ಕೆಳಗೆ ಕೂತವರಿಗೆ ಗುಂಯ್ ಎನ್ನುವ ಒಂದು ಸದ್ದು ಬಿಟ್ಟರೆ ಬೇರೆ ಏನೂ ಕೇಳಿಸೋದಿಲ್ಲ.

ಈ ಪಾಠ ಅಂಥವರಿಗಾಗಿ. ದುಬಾರಿ ವಾದ್ಯ, ದೊಡ್ಡ ಆಂಪ್ ಬೇಕಿಲ್ಲ. ಬೇಕಾದ್ದು ದಿನಕ್ಕೆ ಅರ್ಧ ಗಂಟೆ, ಒಂದು ಮೆಟ್ರೊನೋಮ್ ಆ್ಯಪ್, ಮತ್ತೆ ಸ್ವಲ್ಪ ತಾಳ್ಮೆ.

ಬೇಸ್‌ನ ಕೆಲಸ ಎಂತದು?

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದ ಹಿಮ್ಮೇಳ ನೆನಪು ಮಾಡಿಕೊಳ್ಳಿ. ಯುದ್ಧದ ಸನ್ನಿವೇಶ ಬಂದಾಗ ಚೆಂಡೆಯ ಸದ್ದು ಇಡೀ ಬಯಲಿಗೆ ಕೇಳ್ತದೆ, ಎಲ್ಲರ ಗಮನವೂ ಅದರ ಮೇಲೆ. ಆದರೆ ಭಾಗವತರ ಪದ ನಿಂತಿರುವುದು ಮದ್ದಲೆಯ ಮೇಲೆ. ಮದ್ದಲೆ ಒಂದು ಆವರ್ತ ತಪ್ಪಿದರೆ ಹಾಡುವವರಿಗೂ ಕುಣಿಯುವವರಿಗೂ ಕಾಲ ಕೆಳಗಿನ ನೆಲ ಜಾರಿದ ಹಾಗಾಗ್ತದೆ. ಬ್ಯಾಂಡಿನಲ್ಲಿ ಬೇಸ್‌ಗೆ ಇರುವುದು ಈ ಮದ್ದಲೆಯ ಕೆಲಸವೇ. ಜೊತೆಗೆ ಇನ್ನೊಂದು ಹೊಣೆಯೂ ಉಂಟು: ಕಾರ್ಡ್‌ನ ಮೂಲ ಸ್ವರ ಯಾವುದು ಅಂತ ಕಿವಿಗೆ ಹೇಳುವುದು. ತಾಳವನ್ನೂ ಸ್ವರವನ್ನೂ ಸೇರಿಸಿ ಹೊಲಿಯುವ ದಾರ ಅಂದರೆ ಬೇಸ್.

ಈ ವಾದ್ಯಕ್ಕೆ ವಯಸ್ಸು ಹೆಚ್ಚಿಲ್ಲ. ಲಿಯೋ ಫೆಂಡರ್ ಅವರ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದ ಮೇಲೆ ಅದು ಎಲ್ಲ ಕಡೆ ಹಬ್ಬಿತು. ಅದಕ್ಕೆ ಮುಂಚೆ ಆಳೆತ್ತರದ ಡಬಲ್ ಬೇಸ್ ಇತ್ತು, ಅದರಲ್ಲಿ ಫ್ರೆಟ್ ಇರಲಿಲ್ಲ. ಹೊಸ ವಾದ್ಯದಲ್ಲಿ ಫ್ರೆಟ್ ಇದ್ದುದರಿಂದ ಸ್ವರ ಕರಾರುವಾಕ್ಕಾಗಿ ಸಿಗ್ತಿತ್ತು. ಹೆಸರು ಬಂದದ್ದೂ ಅದರಿಂದಲೇ. ಅಂದು ಇಟ್ಟ 34 ಇಂಚಿನ, ಅಂದರೆ ಸುಮಾರು 86 ಸೆಂ.ಮೀ. ತಂತಿಯ ಉದ್ದ ಇವತ್ತಿಗೂ ಹೆಚ್ಚಿನ ಬೇಸ್‌ಗಳಲ್ಲಿ ಹಾಗೆಯೇ ಉಂಟು. ನಾಲ್ಕು ತಂತಿಗಳು ದಪ್ಪದಿಂದ ಸಣ್ಣಕ್ಕೆ ಹೀಗೆ: ಇ 41.2 ಹರ್ಟ್ಸ್, ಎ 55, ಡಿ 73.4, ಜಿ 98.

ಎಡಗೈ: ಕಡಿಮೆ ಬಲ, ಸರಿ ಜಾಗ

ಹೊಸಬರು ಮೊದಲು ಎಡವುವುದು ಇಲ್ಲಿ. ತಂತಿ ದಪ್ಪ ಉಂಟು, ಹಾಗಾಗಿ ಬಲ ಹಾಕಬೇಕು ಅಂತ ಅಂದುಕೊಳ್ತಾರೆ. ಒಂದು ಪ್ರಯೋಗ ಮಾಡಿ. ಐದನೇ ಫ್ರೆಟ್‌ನ ಹಿಂದೆ ಬೆರಳನ್ನು ತಂತಿಯ ಮೇಲೆ ಬರೀ ಮುಟ್ಟಿಸಿ, ಬಲಗೈಯಿಂದ ಮೀಟುತ್ತಾ ಇರಿ. ಮೊದಲು ಟಕ್ ಟಕ್ ಅಂತ ಸತ್ತ ಸದ್ದು ಬರ್ತದೆ. ನಿಧಾನ ಒತ್ತಡ ಹೆಚ್ಚಿಸಿ. ಮಧ್ಯದಲ್ಲಿ ಝರ್ರ್ ಅನ್ನುತ್ತದೆ, ಆಮೇಲೆ ಒಂದು ಹಂತದಲ್ಲಿ ಸ್ವರ ಸ್ಪಷ್ಟವಾಗ್ತದೆ. ಅಲ್ಲಿಗೆ ನಿಲ್ಲಿಸಿ. ಬೇಕಾದ ಬಲ ಅಷ್ಟೇ. ಈಗ ಅದೇ ಪ್ರಯೋಗವನ್ನು ಎರಡು ಫ್ರೆಟ್‌ಗಳ ನಡುವೆ ಮಾಡಿ, ನಂತರ ಫ್ರೆಟ್‌ನ ಲೋಹಕ್ಕೆ ತಾಗುವಷ್ಟು ಹತ್ತಿರ ಮಾಡಿ. ಹತ್ತಿರ ಇದ್ದಷ್ಟೂ ಕಡಿಮೆ ಬಲ ಸಾಕು ಅಂತ ಬೆರಳಿಗೇ ಗೊತ್ತಾಗ್ತದೆ.

ಹೆಬ್ಬೆರಳು ಕತ್ತಿನ ಹಿಂದೆ ಸುಮ್ಮನೆ ಆನಿಕೊಂಡಿರಲಿ, ಹಿಂಡಬೇಡಿ. ಮಣಿಕಟ್ಟು ಆದಷ್ಟು ನೇರ ಇರಲಿ. ಬೆಲ್ಟ್ ತೀರಾ ಉದ್ದ ಬಿಟ್ಟು ವಾದ್ಯವನ್ನು ಮೊಣಕಾಲಿನ ತನಕ ಇಳಿಸಿದರೆ ಫೋಟೋ ಚಂದ ಬರ್ತದೆ, ಆದರೆ ಮಣಿಕಟ್ಟು 90 ಡಿಗ್ರಿ ಬಾಗ್ತದೆ. ಕೂತಾಗ ವಾದ್ಯ ಎಷ್ಟು ಎತ್ತರದಲ್ಲಿ ಇರ್ತದೋ ನಿಂತಾಗಲೂ ಅಷ್ಟೇ ಎತ್ತರಕ್ಕೆ ಬೆಲ್ಟ್ ಕಟ್ಟಿ.

ಇನ್ನು ಬೆರಳಿನ ಲೆಕ್ಕ. "ಫ್ರೆಟ್‌ಗೆ ಒಂದು ಬೆರಳು" ಎಂಬ ಸೂತ್ರ ಎಲ್ಲ ವಿಡಿಯೋದಲ್ಲೂ ಬರ್ತದೆ. ಸ್ವಲ್ಪ ಅಳತೆ ನೋಡಿ. 34 ಇಂಚಿನ ಬೇಸ್‌ನಲ್ಲಿ ಒಂದನೇ ಫ್ರೆಟ್‌ನಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂ.ಮೀ. ಐದರಿಂದ ಎಂಟಕ್ಕೆ ಸುಮಾರು 10 ಸೆಂ.ಮೀ. ಮಾತ್ರ. ಅದಕ್ಕೇ ಅಭ್ಯಾಸವನ್ನು ಐದನೇ ಫ್ರೆಟ್‌ನಿಂದ ಶುರು ಮಾಡಿ. ಕೆಳಗಿನ ಫ್ರೆಟ್‌ಗಳಿಗೆ ಬಂದಾಗ ಡಬಲ್ ಬೇಸ್‌ನವರ ಹಳೇ ಕ್ರಮ ಒಳ್ಳೆಯದು: ತೋರುಬೆರಳು, ನಡುಬೆರಳು, ಆಮೇಲೆ ಉಂಗುರಬೆರಳೂ ಕಿರುಬೆರಳೂ ಜೊತೆಯಾಗಿ. ಮೂರೇ ಫ್ರೆಟ್ ಸಿಗ್ತದೆ, ನಾಲ್ಕನೆಯದಕ್ಕೆ ಇಡೀ ಕೈಯನ್ನೇ ಸರಿಸಬೇಕು. ಕೈ ಸಣ್ಣ ಇದ್ದವರು ಇದರಿಂದ ನಾಚಿಕೆಪಡಬೇಕಾಗಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ. ಬೆರಳ ತುದಿ ಉರಿಯುವುದು ಮಾಮೂಲು, ಚರ್ಮ ಗಟ್ಟಿಯಾದ ಮೇಲೆ ಹೋಗ್ತದೆ. ಮಣಿಕಟ್ಟಿನಲ್ಲಿ ನೋವು, ಬೆರಳಿನಲ್ಲಿ ಜೋಮು ಬಂದರೆ ಅದು ಮಾಮೂಲು ಅಲ್ಲ. ಅಲ್ಲಿಗೇ ನಿಲ್ಲಿಸಿ. ಮರುದಿನವೂ ಇದ್ದರೆ ಡಾಕ್ಟರಿಗೆ ತೋರಿಸಿ. ಫೆಸ್ಟ್ ಬರುವ ವರ್ಷವೂ ಉಂಟು, ಕೈ ಮಾತ್ರ ಇದೊಂದೇ ಇರುವುದು.

ಬಲಗೈ: ದನಿ ಹುಟ್ಟುವ ಜಾಗ

ತೋರುಬೆರಳು, ನಡುಬೆರಳು, ಒಂದಾದ ಮೇಲೆ ಒಂದು, ನಡೆದ ಹಾಗೆ. ಮೀಟಿದ ಬೆರಳು ಗಾಳಿಗೆ ಹಾರಬಾರದು, ಪಕ್ಕದ ದಪ್ಪ ತಂತಿಗೆ ಬಂದು ಒರಗಬೇಕು. ಇದರಿಂದ ಎರಡು ಲಾಭ: ಪ್ರತಿ ಮೀಟೂ ಒಂದೇ ತೂಕದಲ್ಲಿ ಬರ್ತದೆ, ಮತ್ತೆ ಪಕ್ಕದ ತಂತಿ ಸುಮ್ಮನಿರ್ತದೆ. ಹೆಬ್ಬೆರಳು ಇ ತಂತಿ ನುಡಿಸುವಾಗ ಪಿಕಪ್ ಮೇಲೆ ಇರಲಿ. ಮೇಲಿನ ತಂತಿಗೆ ಹೋಗುವಾಗ ಹೆಬ್ಬೆರಳೂ ಜೊತೆಗೆ ಇಳಿದು ಇ, ಎ ತಂತಿಗಳ ಮೇಲೆ ಕೂರಲಿ. ಬೇಡದ ತಂತಿ ಕಂಪಿಸದಂತೆ ನೋಡುವುದು ಬೇಸ್‌ನಲ್ಲಿ ಅರ್ಧ ಕೆಲಸ. ಸ್ಟೇಜ್‌ನಲ್ಲಿ ಕೇಳುವ ಆ ಗುಂಯ್ ಸದ್ದಿಗೆ ಸುಮಾರು ಸಲ ಕಾರಣ ಆಂಪ್ ಅಲ್ಲ, ಸುಮ್ಮನಿರಿಸದೇ ಬಿಟ್ಟ ತಂತಿಗಳು.

ಈಗ ಇಂಜಿನಿಯರಿಂಗ್‌ನವರಿಗೆ ಇಷ್ಟವಾಗುವ ಭಾಗ. ತಂತಿಯನ್ನು ಎಲ್ಲಿ ಮೀಟ್ತೇವೆ ಎನ್ನುವುದರ ಮೇಲೆ ಯಾವ ಹಾರ್ಮೋನಿಕ್‌ಗಳು ಹುಟ್ಟುತ್ತವೆ ಅನ್ನೋದು ನಿಂತಿದೆ. ಸರಿಯಾಗಿ ಮಧ್ಯದಲ್ಲಿ ಮೀಟಿದರೆ ಎರಡನೆಯದು, ನಾಲ್ಕನೆಯದು, ಹೀಗೆ ಸರಿಸಂಖ್ಯೆಯವು ಏಳೋದಿಲ್ಲ. ಏಕೆಂದರೆ ಆ ಅಲೆಗಳಿಗೆ ಅಲ್ಲಿ ನೋಡ್ ಉಂಟು. ನಾಲ್ಕನೇ ಒಂದು ಭಾಗದಲ್ಲಿ, ಅಂದರೆ ಬ್ರಿಜ್‌ನಿಂದ ಸುಮಾರು 21.5 ಸೆಂ.ಮೀ. ದೂರದಲ್ಲಿ ಮೀಟಿದರೆ ನಾಲ್ಕನೆಯದು, ಎಂಟನೆಯದು ಹೋಗ್ತವೆ. ಬ್ರಿಜ್ ಹತ್ತಿರ ಹೋದಷ್ಟೂ ಮೇಲಿನ ಹಾರ್ಮೋನಿಕ್‌ಗಳ ಪಾಲು ಹೆಚ್ಚಾಗಿ ದನಿ ಚೂಪಾಗ್ತದೆ. ಕತ್ತಿನ ಕಡೆ ಬಂದಷ್ಟೂ ದುಂಡಗೆ, ಮೆತ್ತಗೆ.

ಇದರಿಂದ ಒಂದು ಉಪಾಯವೂ ಸಿಗ್ತದೆ. ಎಡಗೈ 12ನೇ ಫ್ರೆಟ್‌ಗೆ ಹೋದಾಗ ಕಂಪಿಸುವ ತಂತಿಯ ಉದ್ದ ಅರ್ಧ ಆಗ್ತದೆ. ಬಲಗೈ ಇದ್ದಲ್ಲೇ ಇದ್ದರೂ ಮೊದಲು ನಾಲ್ಕನೇ ಒಂದು ಭಾಗವಾಗಿದ್ದ ಜಾಗ ಈಗ ಮಧ್ಯ ಆಯಿತು. ದನಿ ಒಮ್ಮೆಲೇ ಮೆತ್ತಗಾಗ್ತದೆ. ಮೇಲಿನ ಫ್ರೆಟ್‌ಗಳಲ್ಲಿ ನುಡಿಸುವಾಗ ಬಲಗೈಯನ್ನೂ ಸ್ವಲ್ಪ ಬ್ರಿಜ್ ಕಡೆ ಸರಿಸಿದರೆ ದನಿ ಒಂದೇ ರೀತಿ ಉಳೀತದೆ.

ಸ್ವರದ ಉದ್ದ

ಹೊಸಬರು ಸ್ವರ ಎಲ್ಲಿ ಶುರು ಆಗಬೇಕು ಅಂತ ಮಾತ್ರ ನೋಡ್ತಾರೆ. ಎಲ್ಲಿ ನಿಲ್ಲಬೇಕು ಅಂತ ನೋಡೋದಿಲ್ಲ. ಅಷ್ಟಮಿಯ ಮರುದಿನ ಉಡುಪಿಯ ವಿಟ್ಲಪಿಂಡಿಯಲ್ಲಿ ಹುಲಿವೇಷದ ಜೊತೆ ಬರುವ ತಾಸೆ, ಡೋಲು ಕೇಳಿ. ಕಾಲು ತಾನಾಗಿ ಕುಣಿಯುವುದು ಪೆಟ್ಟಿನಿಂದ ಮಾತ್ರ ಅಲ್ಲ, ಎರಡು ಪೆಟ್ಟಿನ ನಡುವಿನ ಖಾಲಿಯಿಂದ ಕೂಡ. ಬೇಸ್‌ನಲ್ಲಿ ಆ ಖಾಲಿಯನ್ನು ನಾವೇ ಮಾಡಬೇಕು: ಎಡಗೈ ಬೆರಳನ್ನು ತಂತಿಯಿಂದ ಪೂರ್ತಿ ಎತ್ತದೆ ಒತ್ತಡ ಮಾತ್ರ ಬಿಟ್ಟರೆ ಸ್ವರ ನಿಲ್ತದೆ.

ಡ್ರಮ್ಸ್‌ನವರ ಜೊತೆ ಇಬ್ಬರೇ ಕೂತು ಹತ್ತು ನಿಮಿಷ ಒಂದೇ ಸ್ವರ ನುಡಿಸಿ. ಕಿಕ್ ಡ್ರಮ್ ಬಿದ್ದಾಗ ನಿಮ್ಮ ಸ್ವರ ಶುರು, ಸ್ನೇರ್ ಬಿದ್ದಾಗ ನಿಲುಗಡೆ. ಬೇರೆ ಏನೂ ಬೇಡ. ಇಡೀ ಬ್ಯಾಂಡ್ ಒಮ್ಮೆಲೇ ಬಿಗಿಯಾದ ಹಾಗೆ ಕೇಳ್ತದೆ.

ರೂಮ್ ಮಾಡುವ ಮೋಸ

"ರೂಮಲ್ಲಿ ಚಂದ ಕೇಳ್ತಿತ್ತು, ಸ್ಟೇಜ್‌ನಲ್ಲಿ ಎಂತ ಆಯ್ತೋ" ಅನ್ನುವವರು ಬಹಳ. ಲೆಕ್ಕ ಹಾಕಿ. ನಮ್ಮ ಕಡೆಯ 30 ಡಿಗ್ರಿ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ಹಾಸ್ಟೆಲ್ ರೂಮ್ 4 ಮೀಟರ್ ಉದ್ದ ಇದ್ದರೆ ಅದರ ಮೊದಲ ಅನುರಣನೆ 349 ಭಾಗಿಸು 8, ಅಂದರೆ 43.6 ಹರ್ಟ್ಸ್. ಇ ತಂತಿಯ ಒಂದನೇ ಫ್ರೆಟ್‌ನ ಎಫ್ ಸ್ವರ 43.7 ಹರ್ಟ್ಸ್! ಗೋಡೆ ಹತ್ತಿರ ನಿಂತರೆ ಆ ಒಂದು ಸ್ವರ ಗುಡುಗ್ತದೆ, ರೂಮಿನ ಮಧ್ಯಕ್ಕೆ ಬಂದರೆ ಬಡವಾಗ್ತದೆ. ಇದಕ್ಕೆ ನಿಮ್ಮ ಬೆರಳೂ ಕಾರಣ ಅಲ್ಲ, ಆಂಪ್ ಕೂಡ ಅಲ್ಲ. ಹಾಗಾಗಿ ರೂಮಿನಲ್ಲಿ ಕೇಳಿದ್ದನ್ನು ನಂಬಿ ನಾಬ್ ತಿರುಗಿಸಬೇಡಿ, ಹೆಡ್‌ಫೋನ್‌ನಲ್ಲೂ ಒಮ್ಮೆ ಕೇಳಿ ನೋಡಿ.

ಫೋನಿನ ಸಣ್ಣ ಸ್ಪೀಕರ್ 41 ಹರ್ಟ್ಸ್ ಹೊರಡಿಸಲಾರದು. ಆದರೂ ಅದರಲ್ಲಿ ಬೇಸ್ ಕೇಳಿದ ಹಾಗೆ ಅನಿಸ್ತದೆ, ಯಾಕೆ? ಮೇಲಿನ ಹಾರ್ಮೋನಿಕ್‌ಗಳನ್ನು ಕೇಳಿ ಮಿದುಳು ಮೂಲ ಸ್ವರವನ್ನು ತಾನೇ ತುಂಬಿಕೊಳ್ತದೆ. ಇದರಲ್ಲಿ ಸ್ಟೇಜ್‌ಗೆ ಒಂದು ಪಾಠ ಉಂಟು. ಬೇಸ್ ಕೇಳೋದಿಲ್ಲ ಅಂತ ಬೇಸ್ ನಾಬನ್ನೇ ಪೂರ್ತಿ ತಿರುಗಿಸಿದರೆ ಕೆಸರಿಗೆ ನೀರು ಹಾಕಿದಂತೆ. ಬದಲಿಗೆ ಎಲ್ಲ ನಾಬ್ ಮಧ್ಯದಲ್ಲಿಟ್ಟು, ಮಿಡ್ ಮಾತ್ರ ಸ್ವಲ್ಪ ಏರಿಸಿ.

ಸ್ವಂತ ದನಿ ಅಂದರೆ

ಅಮೆರಿಕದ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ತೋರುಬೆರಳಿನಿಂದ ಮೀಟುತ್ತಿದ್ದರು, ತಂತಿ ಬದಲಿಸುವುದೂ ಅವರಿಗೆ ಇಷ್ಟ ಇರಲಿಲ್ಲ. ಹಳೇ ಫ್ಲಾಟ್‌ವೂಂಡ್ ತಂತಿಯ ಆ ಗಿಡ್ಡ, ದಪ್ಪ ದನಿ ಅವರ ಗುರುತಾಯಿತು. ಜಾಕೋ ಪಾಸ್ಟೋರಿಯಸ್ ಇದಕ್ಕೆ ತದ್ವಿರುದ್ಧ: ಫ್ರೆಟ್ ಇಲ್ಲದ ಬೇಸ್, ಬ್ರಿಜ್ ಹತ್ತಿರದ ಮೀಟು, ಹಾಡುವಂಥ ದನಿ. ಕೆರೊಲ್ ಕೇ ಪಿಕ್ ಹಿಡಿದು ನುಡಿಸಿ ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಹೆಸರು ಮಾಡಿದರು. ಮೂವರಲ್ಲಿ ಒಬ್ಬರೂ ಇನ್ನೊಬ್ಬರ ಹಾಗೆ ಇಲ್ಲ. ಪ್ರತಿಯೊಬ್ಬರೂ ತಮ್ಮ ಒಂದು ರೀತಿಯನ್ನು ಕೊನೇ ತನಕ ಹಿಡಿದು ಸಾಗಿದರು.

ನಮ್ಮ ಕನ್ನಡದಲ್ಲೇ ಕೇಳಬೇಕಾದರೆ ಇಳಯರಾಜ ಸಂಗೀತ ನೀಡಿದ 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳ ಹಾಡುಗಳನ್ನು ಹೆಡ್‌ಫೋನ್ ಹಾಕಿ ಕೇಳಿ. ಗಾಯಕರನ್ನು ಬಿಟ್ಟು ಬೇಸ್ ಒಂದನ್ನೇ ಹಿಂಬಾಲಿಸಿ. ಹಾಡಿನ ಕೆಳಗೆ ಇನ್ನೊಂದು ಹಾಡು ನಡೀತಿರುವುದು ಗೊತ್ತಾಗ್ತದೆ. ಒಂದು ಸಾಲು ಮೊದಲು ಬಾಯಲ್ಲಿ ಹಾಡಿ, ಆಮೇಲೆ ವಾದ್ಯದಲ್ಲಿ ಹುಡುಕಿ. ಬಾಯಲ್ಲಿ ಹಾಡುವಾಗ ನೀವು ಎಲ್ಲಿ ಒತ್ತಿ ಹೇಳ್ತೀರೋ, ಎಲ್ಲಿ ಉಸಿರು ತೆಗೆದುಕೊಳ್ತೀರೋ, ನಿಮ್ಮ ದನಿ ಅಲ್ಲಿಂದಲೇ ಶುರು.

ಕರಾವಳಿಯಲ್ಲಿ ವಾದ್ಯ ಸಾಕುವುದು

ಕಾಪು, ಮಲ್ಪೆ ಕಡೆ ಉಪ್ಪು ಗಾಳಿ, ಕಾರ್ಕಳ, ಮಣಿಪಾಲದಲ್ಲಿ ಮಳೆಗಾಲದ ತೇವ. ಬೆವರಿನ ಜೊತೆ ಇದೂ ಸೇರಿ ತಂತಿ ಬೇಗ ತುಕ್ಕು ಹಿಡೀತದೆ. ನುಡಿಸಿದ ಕೂಡಲೇ ಒಣ ಬೈರಾಸಿನಿಂದ ಪ್ರತಿ ತಂತಿಯನ್ನೂ ಮೇಲಿಂದ ಕೆಳಗೆ ಒರೆಸಿ. ಕಿಟಕಿ ಪಕ್ಕ ವಾದ್ಯ ಇಡಬೇಡಿ. ಜೂನ್‌ನಲ್ಲಿ ಮಳೆ ಹಿಡಿದಾಗ, ಮತ್ತೆ ಮಳೆ ಬಿಟ್ಟು ಒಣ ಹವೆ ಬಂದಾಗ ಕತ್ತಿನ ಮರ ಸ್ವಲ್ಪ ಬಾಗಬಹುದು. ಇದ್ದಕ್ಕಿದ್ದಂತೆ ತಂತಿ ಎತ್ತರವಾದರೆ ಅಥವಾ ಝರ್ರ್ ಅಂದರೆ ಕತ್ತಿನೊಳಗಿನ ಟ್ರಸ್ ರಾಡ್ ಸರಿಮಾಡಬೇಕು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ, ಗೊತ್ತಿಲ್ಲದಿದ್ದರೆ ಬಲ್ಲವರ ಕೈಗೆ ಕೊಡಿ.

ದಿನದ ಅರ್ಧ ಗಂಟೆ

- 5 ನಿಮಿಷ: ಮೆಟ್ರೊನೋಮ್ 60ರಲ್ಲಿ, ಎಡಗೈ ಇಲ್ಲದೆ, ಬರೀ ತಂತಿಗಳ ಮೇಲೆ ಎರಡು ಬೆರಳಿನ ನಡಿಗೆ. ಎರಡೂ ಬೆರಳಿನ ಸದ್ದು ಒಂದೇ ತೂಕ ಇರಬೇಕು.
- 8 ನಿಮಿಷ: 5, 6, 7, 8ನೇ ಫ್ರೆಟ್, ನಾಲ್ಕೂ ತಂತಿಗಳಲ್ಲಿ ಏರಿಳಿತ. ಮುಂದಿನ ಬೆರಳು ಇಡುವಾಗ ಹಿಂದಿನದನ್ನು ಎತ್ತಬೇಡಿ.
- 5 ನಿಮಿಷ: ಒಂದೇ ಸ್ವರ, ಅರ್ಧ ಎಣಿಕೆ ದನಿ, ಅರ್ಧ ಎಣಿಕೆ ಮೌನ.
- 5 ನಿಮಿಷ: ರೂಪಕದ 6, ಝಂಪೆಯ 10 ಎಣಿಕೆ ಬಾಯಲ್ಲಿ ಹೇಳುತ್ತಾ ಮೊದಲ ಎಣಿಕೆಗೆ ಮಾತ್ರ ಸ್ವರ.
- 7 ನಿಮಿಷ: ಇಷ್ಟದ ಹಾಡಿನ ಒಂದೇ ಸಾಲು. ಮೂರು ಜಾಗದಲ್ಲಿ ಮೀಟಿ ನೋಡಿ, ಯಾವುದು ಹಾಡಿಗೆ ಹೊಂದ್ತದೆ ಅಂತ ಬರೆದಿಡಿ.

ಇವತ್ತೇ ಆ ಒಂದು ಸಾಲನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ದಿನಾಂಕ ಹಾಕಿ ಇಟ್ಟುಬಿಡಿ. ಮೂರು ತಿಂಗಳು ಬಿಟ್ಟು ಅದೇ ಸಾಲು ಮತ್ತೆ. ಎರಡನ್ನೂ ಹೆಸರು ಹೇಳದೆ ನಿಮ್ಮ ಡ್ರಮ್ಸ್‌ನವರಿಗೆ ಕೇಳಿಸಿ, ಯಾವುದು ಹೊಸತು ಅಂತ ಕೇಳಿ. ಅವರು ತಡಮಾಡದೆ ಉತ್ತರ ಕೊಟ್ಟರೆ ಈ ಪಾಠ ಕೆಲಸ ಮಾಡಿದೆ ಅಂತ ಲೆಕ್ಕ. ತಡವರಿಸಿದರೆ ಮೊದಲ ಐದು ನಿಮಿಷದ ಅಭ್ಯಾಸಕ್ಕೆ ಹಿಂದೆ ಹೋಗಿ, ಹೆಚ್ಚಿನ ಸಲ ಸಮಸ್ಯೆ ಅಲ್ಲಿಯೇ ಸಿಗ್ತದೆ.